ಸಹಿ ಇಲ್ಲದ ಚೆಕ್ಕು, ಹೆಸರಿಲ್ಲದ ಸುದ್ದಿ

ಹಿಂದೆ ಚುನಾವಣೆ ಬಂತೆಂದರೆ ಊರಿಗೆ ಮೊದಲು ಬರುತ್ತಿದ್ದದ್ದು ಮೈಕು ಕಟ್ಟಿದ ಜೀಪು. ಜೀಪಿನವರು ಗುಲಾಬಿ, ಹಳದಿ, ಹಸಿರು ಬಣ್ಣದ ಕರಪತ್ರಗಳನ್ನು ಗಾಳಿಗೆ ತೂರುತ್ತಿದ್ದರು. ಮಕ್ಕಳು ಧೂಳಿನಲ್ಲಿ ಅದರ ಹಿಂದೆ ಓಡಿ ಅವನ್ನು ಹೆಕ್ಕಿ ತರುತ್ತಿದ್ದರು. ಒಂದು ಬದಿಯಲ್ಲಿ ಅಭ್ಯರ್ಥಿಯ ಚಿತ್ರ ಮತ್ತು ಗುರುತು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಯಲ್ಲಿ ಅಮ್ಮಂದಿರು ದಿನಸಿ ಪಟ್ಟಿ ಬರೆಯುತ್ತಿದ್ದರು, ಮಕ್ಕಳು ಮಗ್ಗಿ ಬರೆಯುತ್ತಿದ್ದರು. ಈ ಮಾತು ಹೇಳಿದರೆ ಅಜ್ಜ ಅಜ್ಜಿಯರು ಹೌದೌದು ಎಂದು ತಲೆಯಾಡಿಸಿಯಾರು.

ಆ ಕರಪತ್ರದ ಕೆಳಗೆ, ಇರುವೆ ಸಾಲಿನಂತೆ ಒಂದು ಸಾಲು ಸಣ್ಣ ಅಕ್ಷರ ಇರುತ್ತಿತ್ತು. ಮುದ್ರಿಸಿದವರು ಯಾರು, ಪ್ರಕಟಿಸಿದವರು ಯಾರು ಎಂದು. ಅದು ಅಲಂಕಾರಕ್ಕೆ ಇದ್ದದ್ದಲ್ಲ. ನಮ್ಮ ದೇಶದ 1951ರ ಪ್ರಜಾಪ್ರತಿನಿಧಿ ಕಾಯಿದೆಯ 127-ಎ ವಿಧಿಯ ಪ್ರಕಾರ, ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇಲ್ಲದೆ ಚುನಾವಣೆಯ ಕರಪತ್ರವನ್ನಾಗಲಿ ಭಿತ್ತಿಪತ್ರವನ್ನಾಗಲಿ ಅಚ್ಚು ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾರಣ ಸರಳ. ಹೇಳಿದ ಮಾತಿಗೆ ಒಬ್ಬ ಹೊಣೆಗಾರ ಇರಬೇಕು. ಸುಳ್ಳು ಹೇಳಿದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು ಗೊತ್ತಿರಬೇಕು.

ಈಗ ಜೀಪು ಬರುವ ಮೊದಲೇ ಕರಪತ್ರ ಜೇಬಿಗೆ ಬಂದು ಬೀಳುತ್ತದೆ. ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ, ಯೂಟ್ಯೂಬಿನಲ್ಲಿ ದಿನಕ್ಕೆ ಹತ್ತಾರು ಬರುತ್ತವೆ. ಆದರೆ ಕೆಳಗಿನ ಆ ಸಣ್ಣ ಅಕ್ಷರದ ಸಾಲು ಮಾತ್ರ ಮಾಯವಾಗಿದೆ. ಬರೆದವರು ಯಾರು? ಗೊತ್ತಿಲ್ಲ. ಎಲ್ಲಿಯದು? ಗೊತ್ತಿಲ್ಲ. ಯಾವಾಗಿನದು? ಅದೂ ಗೊತ್ತಿಲ್ಲ. ‘ಎಲ್ಲರಿಗೂ ಕಳಿಸಿ’ ಎಂಬುದು ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಚೆಕ್ಕು ಬಂದರೆ ಮೊದಲು ನೋಡುತ್ತಿದ್ದದ್ದು ಮೊತ್ತವನ್ನಲ್ಲ. ದಿನಾಂಕ ಸರಿ ಇದೆಯೇ? ಅಕ್ಷರದಲ್ಲಿ ಬರೆದ ಮೊತ್ತಕ್ಕೂ ಅಂಕಿಯಲ್ಲಿ ಬರೆದ ಮೊತ್ತಕ್ಕೂ ತಾಳೆ ಇದೆಯೇ? ತಿದ್ದಿದ ಗುರುತು ಇದೆಯೇ? ಕೊನೆಗೆ, ಸಹಿ ಯಾರದು? ಸಹಿ ಇಲ್ಲದ ಚೆಕ್ಕಿನಲ್ಲಿ ಹತ್ತು ರೂಪಾಯಿ ಬರೆದಿದ್ದರೂ ಅಷ್ಟೇ, ಹತ್ತು ಲಕ್ಷ ಬರೆದಿದ್ದರೂ ಅಷ್ಟೇ, ಅದು ಬರೀ ಕಾಗದ. ಹೆಸರಿಲ್ಲದ ಸುದ್ದಿಯೂ ಹಾಗೆಯೇ ಎಂಬುದು ನನ್ನ ಲೆಕ್ಕ. ಈ ಲೆಕ್ಕವನ್ನು ಒಂದೆರಡು ನಿಜವಾದ ಉದಾಹರಣೆಗಳಿಂದಲೇ ನೋಡೋಣ.

ಖಾತೆಯಿಂದ 350 ರೂಪಾಯಿ ಕಡಿತ!

‘ಮತ ಹಾಕದವರ ಬ್ಯಾಂಕ್ ಖಾತೆಯಿಂದ ಚುನಾವಣಾ ಆಯೋಗ 350 ರೂಪಾಯಿ ಕಡಿತ ಮಾಡುತ್ತದೆ’ ಎಂಬ ಪತ್ರಿಕಾ ತುಣುಕು ನಿಮಗೂ ಬಂದಿರಬಹುದು. ಇದರ ಮೂಲ ತಮಾಷೆಯದು. 2019ರ ಹೋಳಿ ಹಬ್ಬದ ಹೊತ್ತಿನಲ್ಲಿ ಹಿಂದಿ ಪತ್ರಿಕೆಯೊಂದು ಓದುಗರನ್ನು ನಗಿಸಲೆಂದು ಹೀಗೊಂದು ವಿನೋದದ ಸುದ್ದಿ ಹಾಕಿತ್ತು. ಯಾರೋ ಅದರ ಚಿತ್ರ ತೆಗೆದು ಹಂಚಿದರು. ಹೋಳಿಯ ಬಣ್ಣ ತೊಳೆದುಹೋಯಿತು, ಸುದ್ದಿ ಮಾತ್ರ ಉಳಿಯಿತು. ಸುಳ್ಳು ಎಂದು ಅಧಿಕೃತವಾಗಿ ಹೇಳಿದ ಮೇಲೂ ಮುಂದಿನ ಚುನಾವಣೆಗಳಲ್ಲಿ ಅದು ಹೊಸ ಸುದ್ದಿಯ ವೇಷ ಹಾಕಿಕೊಂಡು ಮತ್ತೆ ಮತ್ತೆ ಬಂತು.

ಮಕ್ಕಳೇ, ಇದು ಸುಳ್ಳು ಎಂದು ಕಂಡುಹಿಡಿಯಲು ಇಂಟರ್ನೆಟ್ಟೂ ಬೇಕಿಲ್ಲ. ಸ್ವಲ್ಪ ಯೋಚಿಸಿದರೆ ಸಾಕು. ಮತದಾರರ ಪಟ್ಟಿಯನ್ನು ಒಮ್ಮೆ ನೋಡಿ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು ಇರುತ್ತವೆ. ಬ್ಯಾಂಕ್ ಖಾತೆಯ ಸಂಖ್ಯೆ ಇರುವುದಿಲ್ಲ. ಇಲ್ಲದ ಸಂಖ್ಯೆಯಿಂದ ಹಣ ಕಡಿತ ಮಾಡುವುದು ಹೇಗೆ? ಎರಡನೆಯದಾಗಿ, ನಮ್ಮ ದೇಶದಲ್ಲಿ ಮತದಾನ ಹಕ್ಕು. ಹಾಕದಿದ್ದರೆ ದಂಡ ವಿಧಿಸುವ ಕಾನೂನು ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಇಲ್ಲ. ಮೂರನೆಯದಾಗಿ, ಗ್ರಾಹಕರ ಒಪ್ಪಿಗೆಯೋ ಕಾನೂನುಬದ್ಧ ಆದೇಶವೋ ಇಲ್ಲದೆ ಯಾರೋ ಹೇಳಿದರೆಂದು ಬ್ಯಾಂಕು ಒಬ್ಬರ ಖಾತೆಯಿಂದ ಹಣ ತೆಗೆಯುವುದಿಲ್ಲ.

‘ಹೋಗಲಿ ಬಿಡಿ, ಈ ಸುಳ್ಳಿನಿಂದ ನಾಲ್ಕು ಜನ ಹೆಚ್ಚಿಗೆ ಮತ ಹಾಕಿದರೆ ಒಳ್ಳೆಯದೇ ಅಲ್ಲವೇ?’ ಎಂದು ಗೆಳೆಯರೊಬ್ಬರು ಕೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಹೆದರಿಸಿ ಹಾಕಿಸಿದ ಮತಕ್ಕೆ ಬೆಲೆ ಕಡಿಮೆ. ಇಂದು 350 ರೂಪಾಯಿಯ ಭಯವನ್ನು ನಂಬಿದವರು ನಾಳೆ ‘ಖಾತೆ ಉಳಿಸಿಕೊಳ್ಳಲು ಈ ಲಿಂಕ್ ಒತ್ತಿ’ ಎಂಬುದನ್ನೂ ನಂಬಿಯಾರು. ಆಗ ಹೋಗುವುದು 350 ಅಲ್ಲ, ಇಡೀ ಪಿಂಚಣಿ.

ಮತ ಕಳೆದುಕೊಂಡ ಮೇಷ್ಟ್ರು

ಎರಡನೆಯ ಸಂದೇಶ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಉಪಕಾರದ ಮುಖವಾಡ ಹಾಕಿಕೊಂಡು ಬರುತ್ತದೆ. ‘ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚಿಂತೆ ಬೇಡ. ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ನಿಮ್ಮ ಮತವನ್ನು ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಒಂದು ಮತಗಟ್ಟೆಯಲ್ಲಿ ಶೇ. 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಮರು ಮತದಾನ.’ 2019ರ ಲೋಕಸಭಾ ಚುನಾವಣೆಯಲ್ಲಿ ಇದು ದೇಶವೆಲ್ಲ ಸುತ್ತಿತು. ಆಮೇಲೂ ನಿಂತಿಲ್ಲ.

ಇದರಲ್ಲಿ ಕಾಲುಭಾಗ ನಿಜ, ಮುಕ್ಕಾಲು ಸುಳ್ಳು. ಟೆಂಡರ್ ವೋಟ್ ಎಂಬುದು ನಿಜವಾಗಿ ಇದೆ. 1961ರ ಚುನಾವಣಾ ನಿಯಮಗಳ 49-ಪಿ ನಿಯಮದಲ್ಲಿ ಅದರ ವಿವರವಿದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ, ನೀವು ನೀವೇ ಎಂದು ಅಧಿಕಾರಿಗೆ ಮನವರಿಕೆಯಾದ ಮೇಲೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಆದರೆ ಶೇ. 14ರ ಮಾತು ಯಾವ ನಿಯಮದಲ್ಲೂ ಇಲ್ಲ. ಇನ್ನು ಚಾಲೆಂಜ್ ಎಂಬುದರ ಅರ್ಥವೇ ತಿರುವುಮುರುವು. ಬಂದವರು ನಿಜವಾದ ಮತದಾರರಲ್ಲ ಎಂದು ಅಭ್ಯರ್ಥಿಯ ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸುವುದಕ್ಕೆ ಚಾಲೆಂಜ್ ಎನ್ನುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಕೊಡಿಸುವ ದಾರಿ ಅದಲ್ಲ. ಅಂಥ ದಾರಿಯೇ ಇಲ್ಲ.

ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಈ ಸಂದೇಶವನ್ನು ನಂಬಿದರು. ಮಗಳ ಮನೆಯ ಹತ್ತಿರಕ್ಕೆ ಮನೆ ಬದಲಿಸಿದ ಅವರ ಹೆಸರು ಹೊಸ ವಿಳಾಸದ ಪಟ್ಟಿಗೆ ಬಂದಿರಲಿಲ್ಲ. ‘ಅರ್ಜಿ ಕೊಡಿ ಮೇಷ್ಟ್ರೇ, ಇನ್ನೂ ಸಮಯವಿದೆ’ ಎಂದು ಪಕ್ಕದ ಮನೆಯವರು ಹೇಳಿದಾಗ, ಮೊಬೈಲ್ ತೋರಿಸಿ, ‘ಆಧಾರ್ ಇದ್ದರೆ ಸಾಕಂತೆ’ ಎಂದರು. ಮತದಾನದ ದಿನ ಒಗೆದು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಕೋಲೂರಿಕೊಂಡು, ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ಪಟ್ಟಿಯನ್ನು ಮೂರು ಸಲ ಹುಡುಕಿದರು. ಹೆಸರಿಲ್ಲ. ಮತಗಟ್ಟೆಯ ಅಧಿಕಾರಿ ಮರ್ಯಾದೆಯಿಂದಲೇ, ‘ಸರ್, ನಿಯಮ ಇಲ್ಲ’ ಎಂದರು. ಸಾಲಿನಲ್ಲಿ ಅವರ ಹಳೆಯ ಶಿಷ್ಯರೂ ಇದ್ದರು. ಮೇಷ್ಟ್ರು ಯಾರ ಮುಖವನ್ನೂ ನೋಡದೆ ಹೊರಗೆ ಬಂದರು. ‘ಇಪ್ಪತ್ತೊಂದನೆಯ ವಯಸ್ಸಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ’ ಎಂದು ಸಂಜೆ ಹೇಳಿದರು. (ಮತದಾನದ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ, ಮಕ್ಕಳೇ. ಅದಕ್ಕೂ ಮುಂಚೆ 21 ತುಂಬಬೇಕಿತ್ತು.)

ಆ ಸಂದೇಶ ಬರೆದವನಿಗೆ ಮೇಷ್ಟ್ರ ಪರಿಚಯವಿಲ್ಲ. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು. ಆದರೂ ಒಂದು ಮತ ಹೋಯಿತು. ಹೊಸ ಹೆಸರಿಗೆ 6ನೇ ನಮೂನೆ, ವಿಳಾಸ ಬದಲಾವಣೆಗೆ 8ನೇ ನಮೂನೆ ತುಂಬಿ ಕೊಡಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನಗಳು ಹಿಡಿಯುವುದರಿಂದ ಅದಕ್ಕೂ ಬಹಳ ಮುಂಚೆಯೇ ಕೊಡುವುದು ಜಾಣತನ. 1950ಕ್ಕೆ ಒಂದು ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಸಂಖ್ಯೆ ನೆನಪಿಡುವುದು ಸುಲಭ. ನಮ್ಮ ಚುನಾವಣಾ ಆಯೋಗ ಹುಟ್ಟಿದ ವರ್ಷವೇ 1950, ಜನವರಿ 25.

ಐದರ ಮಗ್ಗಿ, ಮೂರರ ಮಗ್ಗಿ

‘ನಾನೊಬ್ಬ ಕಳಿಸಿದರೆ ಏನಾಗುತ್ತದೆ?’ ಎಂಬುದು ಎಲ್ಲರ ಮಾತು. ಪೆನ್ಸಿಲ್ ತೆಗೆದುಕೊಳ್ಳಿ ಮಕ್ಕಳೇ, ಲೆಕ್ಕ ಮಾಡೋಣ. ಬ್ಯಾಂಕಿನಲ್ಲಿ ಚಕ್ರಬಡ್ಡಿ ಬೆಳೆಯುವಂತೆಯೇ ಇದು ಬೆಳೆಯುತ್ತದೆ.

ಒಬ್ಬರು ಐದು ಜನರಿಗೆ ಒಂದು ಸುಳ್ಳು ಕಳಿಸಿದರು. ಆ ಐವರೂ ತಲಾ ಐದು ಹೊಸಬರಿಗೆ ಕಳಿಸಿದರೆ 25. ಮುಂದೆ 125, 625, 3,125, 15,625, 78,125. ಎಂಟನೆಯ ಸುತ್ತಿಗೆ 3,90,625 ಜನ! ಸಂದೇಶ ಓದಿ ಮುಂದೆ ತಳ್ಳಲು ಒಂದು ನಿಮಿಷ ಸಾಕು. ಒಂದು ಕಾಫಿ ಕುಡಿಯುವ ಹೊತ್ತಿಗೆ ಒಂದು ನಗರಕ್ಕೆ ಸುದ್ದಿ ಮುಟ್ಟಬಹುದು.

ಈಗ ಇನ್ನೊಂದು ಲೆಕ್ಕ. ಪ್ರತಿ ಐವರಲ್ಲಿ ಇಬ್ಬರು, ‘ಇದು ನಿಜವೋ ಸುಳ್ಳೋ ಗೊತ್ತಿಲ್ಲ, ನಾನು ಕಳಿಸುವುದಿಲ್ಲ’ ಎಂದು ಸುಮ್ಮನಾದರು ಎನ್ನೋಣ. ಮುಂದೆ ಹೋಗುವುದು ಮೂರರ ಲೆಕ್ಕದಲ್ಲಿ. 3, 9, 27, 81, 243, 729, 2,187, ಎಂಟನೆಯ ಸುತ್ತಿಗೆ 6,561. ಎಲ್ಲಿಯ 3,90,625, ಎಲ್ಲಿಯ 6,561! ಇಬ್ಬರು ಸುಮ್ಮನಿದ್ದುದರಿಂದ ಆದ ಲಾಭ ಇದು. ಸುಮ್ಮನಿರುವುದೂ ಒಂದು ಕೆಲಸ ಎಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು.

ವಾಟ್ಸಾಪ್ ಸಂಸ್ಥೆಯೇ ಈ ಲೆಕ್ಕ ಮಾಡಿತು. ಅದಕ್ಕೆ ಕಾರಣವಾದ ಘಟನೆಗಳಲ್ಲಿ ಒಂದು ನಮ್ಮ ರಾಜ್ಯದ್ದು, ಹೇಳಲು ನೋವಾಗುವಂಥದ್ದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ‘ಮಕ್ಕಳ ಕಳ್ಳರು’ ಎಂಬ ಗುಲ್ಲೆದ್ದಿತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಮೊದಲೇ ಸುದ್ದಿ ಮೊಬೈಲಿನಲ್ಲಿ ಅಲ್ಲಿ ತಲುಪಿತ್ತು. ಜನ ರಸ್ತೆಗೆ ಅಡ್ಡ ಕಟ್ಟಿದರು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟಾಯಿತು. ದೇಶದ ಬೇರೆ ಕಡೆಗಳಲ್ಲೂ ಇಂಥ ಸಾವುಗಳಾಗಿದ್ದವು. ಅದೇ ತಿಂಗಳು, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ತಳ್ಳಲಾಗದಂತೆ ಭಾರತದಲ್ಲಿ ಮಿತಿ ಹಾಕುವುದಾಗಿ ವಾಟ್ಸಾಪ್ ಪ್ರಕಟಿಸಿತು. 2020ರಲ್ಲಿ, ಬಹಳ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದು ಇನ್ನೂ ಬಿಗಿ ಮಾಡಿತು.

ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಅಜ್ಜಿಯರಿಗೆ ಮೊಮ್ಮಕ್ಕಳು ಅದನ್ನು ತೋರಿಸಿಕೊಡಬೇಕು. ಎರಡು ಬಾಣ ಎಂದರೆ ‘ಇದು ನಿಮ್ಮ ಪರಿಚಯದವರು ಬರೆದದ್ದಲ್ಲ, ಹಲವು ಕೈ ದಾಟಿ ಬಂದದ್ದು’ ಎಂದರ್ಥ. ಹಲವು ಕೈ ದಾಟಿದ ಹಳೆಯ ನೋಟನ್ನು ನಾವು ಬೆಳಕಿಗೆ ಹಿಡಿದು ನೋಡುವುದಿಲ್ಲವೇ? ಇದನ್ನೂ ಹಾಗೆಯೇ ನೋಡಬೇಕು.

ಮೇಕೆ ನಾಯಿಯಾದ ಕಥೆ

‘ನನಗೆ ಒಂದೇ ಸುದ್ದಿ ಮೂರು ಗುಂಪುಗಳಿಂದ ಬಂತು. ಸುಳ್ಳಾಗಿದ್ದರೆ ಮೂರೂ ಕಡೆಯಿಂದ ಹೇಗೆ ಬರುತ್ತಿತ್ತು?’ ಎಂದು ಕೇಳುವವರಿದ್ದಾರೆ. ಅವರಿಗೆ ಪಂಚತಂತ್ರದ ಬ್ರಾಹ್ಮಣನ ನೆನಪು ಮಾಡಿಕೊಡಬೇಕು. ಹೆಗಲ ಮೇಲೆ ಮೇಕೆ ಹೊತ್ತು ಹೋಗುತ್ತಿದ್ದ ಅವನಿಗೆ ದಾರಿಯಲ್ಲಿ ಒಬ್ಬೊಬ್ಬರಾಗಿ ಮೂವರು ಸಿಕ್ಕಿ, ‘ಏನು ಸ್ವಾಮಿ, ನಾಯಿ ಹೊತ್ತಿದ್ದೀರಿ?’ ಎಂದರು. ಮೂರನೆಯವನು ಹೇಳುವಷ್ಟರಲ್ಲಿ ಅವನು ತನ್ನ ಕಣ್ಣನ್ನೇ ಬಿಟ್ಟು ಅವರ ಮಾತನ್ನು ನಂಬಿ, ಮೇಕೆಯನ್ನು ಇಳಿಸಿ ಓಡಿದ. ಮೂವರೂ ಒಂದೇ ಗುಂಪಿನವರು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಚುನಾವಣೆಯ ಸುಳ್ಳೂ ಹಾಗೆಯೇ ಕೆಲಸ ಮಾಡುತ್ತದೆ. ಮೂರು ಗುಂಪಿನಿಂದ ಬಂದರೂ ಅದರ ಮೂಲ ಒಂದೇ ಇರಬಹುದು. ಮೂರು ಸಲ ಕೇಳಿದ್ದು ಮೂರು ಸಾಕ್ಷಿಯಲ್ಲ. ಒಂದೇ ಚೆಕ್ಕಿನ ಮೂರು ನಕಲು ತಂದರೆ ಬ್ಯಾಂಕಿನಲ್ಲಿ ಮೂರು ಪಟ್ಟು ಹಣ ಕೊಡುತ್ತಾರೆಯೇ?

ಈಗ ಯಂತ್ರಗಳೇ ಒಬ್ಬರ ದನಿಯನ್ನು, ಮುಖವನ್ನು ನಕಲು ಮಾಡಿ ಆಡದ ಮಾತನ್ನು ಆಡಿಸಬಲ್ಲವು. ‘ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ’ ಎಂಬುದೂ ಸಾಲದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಇಂಥ ಕಾಲ ಬರುವುದೆಂದು ತಿಳಿದೇ ಹೇಳಿದರೋ ಏನೋ. ಒಬ್ಬ ದೊಡ್ಡ ನಾಯಕರು ಅಂಥ ಮಾತು ನಿಜವಾಗಿ ಆಡಿದ್ದರೆ, ಮರುದಿನದ ಪತ್ರಿಕೆಗಳಲ್ಲಿ, ಬೇರೆ ಬೇರೆ ವಾಹಿನಿಗಳಲ್ಲಿ ಅದು ಬಂದೇ ಬರುತ್ತದೆ. ಒಂದು ದಿನ ಕಾಯುವುದರಿಂದ ನಮಗೆ ಏನೂ ನಷ್ಟವಿಲ್ಲ.

ಪಕ್ಕದ ಜಿಲ್ಲೆಯವರ ಮತ

ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ. 2024ರ ಲೋಕಸಭಾ ಚುನಾವಣೆ ಏಳು ಹಂತಗಳಲ್ಲಿ, ಏಪ್ರಿಲ್ 19ರಿಂದ ಜೂನ್ 1ರವರೆಗೆ ನಡೆಯಿತು. ಕರ್ನಾಟಕದ 28 ಕ್ಷೇತ್ರಗಳಲ್ಲಿ 14ಕ್ಕೆ ಏಪ್ರಿಲ್ 26ರಂದು, ಉಳಿದ 14ಕ್ಕೆ ಮೇ 7ರಂದು ಮತದಾನ. ಮೈಸೂರಿನವರು ಬೆರಳಿಗೆ ಶಾಯಿ ಹಾಕಿಸಿಕೊಂಡು ಮನೆಗೆ ಬಂದಾಗ ಧಾರವಾಡದವರು ಇನ್ನೂ ಯೋಚಿಸುತ್ತಿದ್ದರು. ಆ ಹೊತ್ತಿನಲ್ಲಿ ‘ಇಂಥವರು ಗೆದ್ದೇಬಿಟ್ಟರು’ ಎಂಬ ಮತಗಟ್ಟೆ ಸಮೀಕ್ಷೆ ಹಂಚಿದರೆ, ಇನ್ನೂ ಮತ ಹಾಕದವರ ಮನಸ್ಸನ್ನು ಕದಡಿದಂತೆ. ಅದಕ್ಕೇ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದನ್ನು ಕಾನೂನು ನಿಷೇಧಿಸಿದೆ. ತಪ್ಪಿದರೆ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಪರೀಕ್ಷೆ ಬರೆದು ಬಂದವರು ಇನ್ನೂ ಬರೆಯುತ್ತಿರುವವರ ಕಿವಿಯಲ್ಲಿ ಉತ್ತರ ಪಿಸುಗುಟ್ಟಬಾರದು, ಅದರಲ್ಲೂ ತಪ್ಪು ಉತ್ತರ!

ಅಜ್ಜನಿಗೆ ಹೇಳುವುದು ಹೇಗೆ?

ಈಗ ಸೂಕ್ಷ್ಮವಾದ ಮಾತು. ಅಜ್ಜ ಮನೆಯ ಗುಂಪಿಗೆ ಒಂದು ಸುಳ್ಳು ಸುದ್ದಿ ಹಾಕಿದರು. ಎಂಟನೆಯ ತರಗತಿಯ ಮೊಮ್ಮಗಳಿಗೆ ಅದು ಸುಳ್ಳೆಂದು ಗೊತ್ತು. ಗುಂಪಿನಲ್ಲಿಯೇ ‘ಅಜ್ಜಾ, ಇದು ಫೇಕ್’ ಎಂದು ಬರೆದು ನಗುವ ಚಿತ್ರ ಹಾಕಿದರೆ? ಅಜ್ಜನಿಗೆ ಅವಮಾನ. ದೊಡ್ಡಪ್ಪನಿಗೆ ಕೋಪ. ಚಿಕ್ಕಪ್ಪ ಇನ್ನೊಂದು ಪಕ್ಷದವರಾದರೆ ಅವರಿಗೆ ಖುಷಿ. ಸಂಜೆಯೊಳಗೆ ಇಬ್ಬರು ಗುಂಪು ಬಿಟ್ಟು ಹೋಗಿರುತ್ತಾರೆ. ಚುನಾವಣೆ ಮುಗಿದು ಗೆದ್ದವರೂ ಸೋತವರೂ ಮದುವೆಮನೆಯಲ್ಲಿ ಕೈಕುಲುಕುತ್ತಾರೆ. ನಮ್ಮ ಮನೆಯ ಅಣ್ಣತಮ್ಮಂದಿರು ಮಾತ್ರ ಯುಗಾದಿಗೂ ಮಾತಾಡುವುದಿಲ್ಲ. ಇಂಥ ಮನೆಗಳನ್ನು ನಾನು ಕಂಡಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದ್ದರಿಂದ ಮಕ್ಕಳೇ, ಗುಂಪಿನಲ್ಲಿ ತಿದ್ದಬೇಡಿ. ಅಜ್ಜನ ಪಕ್ಕ ಹೋಗಿ ಕುಳಿತುಕೊಳ್ಳಿ. ‘ಅಜ್ಜಾ, ಇದನ್ನು ಇಬ್ಬರೂ ಸೇರಿ ಹುಡುಕೋಣವಾ?’ ಎನ್ನಿ. ಚಿತ್ರ ಹಳೆಯದೇ ಎಂದು ಹುಡುಕುವುದು ನಿಮಗೆ ಗೊತ್ತು. ಚಿತ್ರದಲ್ಲಿರುವ ಬೀದಿ ಯಾವ ಊರಿನದು, ಆ ಬಸ್ಸು ಯಾವ ಕಾಲದ್ದು ಎಂಬುದು ಅಜ್ಜನಿಗೆ ಗೊತ್ತು. ಇಬ್ಬರೂ ಸೇರಿದರೆ ಒಳ್ಳೆಯ ಪತ್ತೇದಾರರು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಮೊಮ್ಮಕ್ಕಳು ತಿದ್ದಿದರೆ ಮುನಿಸಿಕೊಳ್ಳಬೇಡಿ. ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಿಯೇ ಸಹಿ ಹಾಕುವುದು. ಮೂವತ್ತು ವರ್ಷದ ಅನುಭವಿಯ ಲೆಕ್ಕವನ್ನೂ ನಿನ್ನೆ ಬಂದ ಹುಡುಗ ನೋಡುತ್ತಾನೆ. ಅದು ಅವಮಾನವಲ್ಲ, ಪದ್ಧತಿ. ಸುಳ್ಳೆಂದು ತಿಳಿದ ಮೇಲೆ ‘ಹಿಂದೆ ಕಳಿಸಿದ್ದು ಸರಿಯಲ್ಲ, ಯಾರೂ ನಂಬಬೇಡಿ’ ಎಂದು ಅದೇ ಗುಂಪಿನಲ್ಲಿ ನೀವೇ ಒಂದು ಸಾಲು ಬರೆದರೆ ನಿಮ್ಮ ಗೌರವ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಸರಿಯೋ ತಪ್ಪೋ?

ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಈ ಆಟ ಆಡಿ. ಒಬ್ಬರು ಓದಬೇಕು, ಉಳಿದವರು ಸರಿಯೋ ತಪ್ಪೋ ಹೇಳಬೇಕು. ಉತ್ತರ ಕೆಳಗಿದೆ, ಮೊದಲೇ ನೋಡುವಂತಿಲ್ಲ.

1. ಮತ ಹಾಕಿದ ಮೇಲೆ ವಿವಿಪ್ಯಾಟ್ ಯಂತ್ರದ ಗಾಜಿನ ಕಿಂಡಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ.

2. ಲೋಕಸಭಾ ಕ್ಷೇತ್ರದಲ್ಲಿ ‘ನೋಟಾ’ಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೆ ಚುನಾವಣೆ ರದ್ದಾಗುತ್ತದೆ.

3. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ.

4. ಮತದಾರರ ಗುರುತಿನ ಚೀಟಿ ಕಳೆದುಹೋದರೆ ಮತ ಹಾಕುವಂತೆಯೇ ಇಲ್ಲ.

5. 2024ರಲ್ಲಿ 85 ವರ್ಷ ದಾಟಿದವರು ಮನೆಯಿಂದಲೇ ಮತ ಹಾಕಲು ಅವಕಾಶವಿತ್ತು.

ಉತ್ತರ: ಒಂದು, ಮೂರು, ಐದು ಸರಿ. ಶಾಯಿಯನ್ನು 1962ರ ಮಹಾಚುನಾವಣೆಯಿಂದಲೂ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಪೂರೈಸುತ್ತಿದೆ. ಮನೆಯಿಂದ ಮತ ಹಾಕಲು 12-ಡಿ ನಮೂನೆಯಲ್ಲಿ ಮೊದಲೇ ಅರ್ಜಿ ಕೊಡಬೇಕಿತ್ತು. ಎರಡನೆಯದು ತಪ್ಪು. ನೋಟಾ ಎಷ್ಟೇ ಪಡೆದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. 2024ರಲ್ಲಿ ಇಂದೋರಿನಲ್ಲಿ ನೋಟಾಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಅಲ್ಲಿಯೂ ಫಲಿತಾಂಶ ಘೋಷಣೆಯಾಯಿತು. ನಾಲ್ಕನೆಯದೂ ತಪ್ಪು. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ ಮುಂತಾದವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು.

ಐದಕ್ಕೆ ಐದು ಸರಿ ಹೇಳಿದವರಿಗೆ ಅಜ್ಜಿಯ ಕೈಯ ಕೋಡುಬಳೆ ಬಹುಮಾನ.

ಕೊನೆಗೆ, ಫೋನಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿಕೊಳ್ಳಿ. ಅದರಲ್ಲಿ ನಾಲ್ಕೇ ಪ್ರಶ್ನೆ ಇರಲಿ. ಹೇಳಿದವರು ಯಾರು? ಯಾವತ್ತಿನದು? ಬೇರೆ ಎಲ್ಲಾದರೂ ಬಂದಿದೆಯೇ? ನನ್ನ ಹೆಸರು ಹಾಕಿ, ಸಹಿ ಮಾಡಿ ಕಳಿಸಲು ಧೈರ್ಯವಿದೆಯೇ? ನಾಲ್ಕನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಚುನಾವಣೆಯ ದಿನ ಆ ಬೆರಳಿಗೆ ಬೇರೆ ದೊಡ್ಡ ಕೆಲಸವಿದೆ.